ಸಹನಾಳಿಗೊಂದು ಬುತ್ತಿ

ಆ ಹುಡುಗಿಗೆ ಅಲ್ಲಿ ಊಟ ಹಾಕುತ್ತಿಲ್ಲ ಎಂಬ ಅನುಮಾನ ವೀರಮ್ಮನಿಗೆ ಎರಡನೇ ಫೋನಿನಲ್ಲೇ ಬಂತು.

ಫೋನುಗಳು ಬರುವುದಕ್ಕೆ ಕಾರಣ ಮೊಮ್ಮಗಳು ಹೇಮಶ್ರೀ. ಕಂಪ್ಯೂಟರ್ ಸೈನ್ಸ್ ಓದಲು ಅವಳು ಎರಡು ಯೂನಿವರ್ಸಿಟಿ ನೋಡಿಟ್ಟಿದ್ದಳು. ಒಂದು ಮೈಸೂರಿನದು, ಇನ್ನೊಂದು ಮಂಗಳೂರಿನದು. ಒಮ್ಮೆ ವಿಚಾರಿಸಿದರೆ ಸಾಕು, ಆಮೇಲೆ ಫೋನು ಮಾಡಿ ಜೀವ ತಿನ್ನುತ್ತಾರೆ ಎಂದು ಗೊತ್ತಿದ್ದ ಜಾಣೆ, ಅಜ್ಜಿಯ ನಂಬರು ಕೊಟ್ಟಳು. ಅಜ್ಜಿಗೂ ಹೊತ್ತು ಹೋಗುತ್ತದೆ ಎಂದುಕೊಂಡಳು. ಅಜ್ಜಿ ಯೂನಿವರ್ಸಿಟಿಯನ್ನೇ ಆರಿಸಲು ಕೂರುತ್ತಾಳೆ ಎಂದುಕೊಂಡಿರಲಿಲ್ಲ.

ವೀರಮ್ಮನ ಊರು ಬೆಟ್ಟದಪುರದಲ್ಲಿ ಯಾರ ಜೊತೆ ಮಾತು ಶುರುವಾದರೂ ಮೊದಲು ಕೇಳುವುದು ಊಟವನ್ನೇ. ಮಂಗಳೂರಿನಿಂದ ಫೋನು ಮಾಡುತ್ತಿದ್ದವನು ಅದರಲ್ಲಿ ಸಲೀಸಾಗಿ ಪಾಸಾದ.

"ಊಟ ಆಯ್ತು ಅಮ್ಮ. ಈಗ ಗೋಳಿಬಜೆ ತಿಂತಾ ಇದ್ದೇನೆ ಮಾರಾಯ್ರೆ," ಎಂದ, ಬಾಯಿ ತುಂಬಿಕೊಂಡೇ.

ಮೈಸೂರಿನ ಸಹನಾ ಹಾಗಲ್ಲ. ಪಾಠ ಓದಿದಷ್ಟು ಶುದ್ಧವಾದ ಮಾತು. ವೀರಮ್ಮ ಮಂಡಿನೋವು, ಕರು ಹಾಕಿದ ಹಸು, ಹೊಗೆಸೊಪ್ಪಿನ ಸಸಿ ಎಲ್ಲ ಹೇಳಿಕೊಂಡರೂ ಒಮ್ಮೆಯೂ ರೇಗಲಿಲ್ಲ. ಮುಂದಿನ ಸಲ ಮಂಡಿ ಹೇಗಿದೆ ಎಂದು ತಾನೇ ಕೇಳಿದಳು. ನಸುಕಿನಲ್ಲಿ ಹಾಲು ಕರೆಯುವ ಹೊತ್ತಿಗೆ ವೀರಮ್ಮನೇ ಫೋನು ಮಾಡಿದರೂ ಎತ್ತಿದಳು. ಅಷ್ಟು ಒಳ್ಳೆಯ ಹುಡುಗಿ. ಆದರೆ ಊಟದ ಮಾತಿಗೆ ಮಾತ್ರ ಯಾವಾಗಲೂ ಒಂದೇ ಉತ್ತರ.

"ಇಲ್ಲ ಅಜ್ಜಿ. ನಿಮ್ಮದಾಯಿತೇ?"

"ಒಟ್ಟೆ ಅಸಿಯಾಕಿಲ್ವೇನವ್ವ ನಿಂಗೆ?"

"ಇಲ್ಲ ಅಜ್ಜಿ. ಹಾಸ್ಟೆಲ್ಲಿನ ಬಗ್ಗೆ ಹೇಳಲೇ?"

ಪಾಪ, ಪಕ್ಕದಲ್ಲಿ ಯಾರೋ ನಿಂತು ಹೆದರಿಸುತ್ತಿರಬೇಕು. ವೀರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮಗ ನಂಜುಂಡೇಶನನ್ನು ಕರೆದಳು.

"ಕೆಲ್ಸದೋಳ್ಗೇ ಒಂದ್ ತುತ್ತು ಆಕ್ದೋರು ನಮ್ ಮಗೀಗೆ ಆಕ್ತಾರಾ? ಮಂಗ್ಳೂರೇ ಸರಿ ಕಣಪ್ಪ."

ನಂಜುಂಡೇಶ ತಾಯಿಗೆ ಎದುರಾಡಿದವನಲ್ಲ. "ಆಯ್ತು ಬುಡವ್ವ," ಎಂದ.

ಹೇಮಶ್ರೀಗೆ ಅಳುವೇ ಬಂತು. "ಅಪ್ಪಾ, ಮೈಸೂರ್‌ನಲ್ಲಿ ಓದೋ ಹುಡುಗ್ರೇ ಆಫೀಸಿನ ಅರ್ಧ ಕೆಲ್ಸಕ್ಕೆ ಏನೇನೋ ತಯಾರ್ ಮಾಡ್ಕೊಟ್ಟವ್ರಂತೆ. ನಂಗೆ ಅದೇ ಕಲೀಬೇಕು."

"ಉಪಾಸ ಇದ್ಕಂಡು ಏನ್ ಕಲ್ತೀಯೆ?" ಎಂದು ಅಜ್ಜಿ ಬಾಯಿ ಮುಚ್ಚಿಸಿದಳು.

ಅತ್ತೂ ಕರೆದೂ ಹೇಮಶ್ರೀ ಒಂದು ರಾಜಿಗೆ ಒಪ್ಪಿಸಿದಳು. ಹಣ ಕಟ್ಟುವ ಮೊದಲು ಒಮ್ಮೆ ಮೈಸೂರಿಗೆ ಹೋಗಿ ಕಣ್ಣಾರೆ ನೋಡುವುದು. ವೀರಮ್ಮ ಮುದ್ದೆ, ಬಸ್ಸಾರು, ಮೇಲೊಂದಿಷ್ಟು ತುಪ್ಪ ಕ್ಯಾರಿಯರಿಗೆ ತುಂಬಿಕೊಂಡು ಪಿರಿಯಾಪಟ್ಟಣದಲ್ಲಿ ಮೊಮ್ಮಗಳೊಂದಿಗೆ ಬಸ್ಸು ಹತ್ತಿದಳು. ಹುಣಸೂರು ದಾಟಿದರೂ ಅದನ್ನು ತೊಡೆಯಿಂದ ಇಳಿಸಲಿಲ್ಲ. ಯಾರಾದರೂ ಅಡ್ಡ ಬಂದರೆ ಆಡಬೇಕಾದ ಬೈಗುಳವನ್ನೂ ದಾರಿಯಲ್ಲೇ ಹೊಂದಿಸಿಕೊಂಡಳು.

ಅಡ್ಮಿಷನ್ ಆಫೀಸಿನಲ್ಲಿ ನೆಟ್ಟಗೆ ಕೌಂಟರಿಗೆ ಹೋಗಿ ಕ್ಯಾರಿಯರ್ ಕುಕ್ಕಿದಳು.

"ಸಹನಾ ಎಲ್ಲವ್ಳೆ? ಕರೀರಿ. ನನ್ನೆದ್ರುಗೇ ಉಣ್ಲಿ."

ಕೌಂಟರಿನ ಹೆಂಗಸು ಕ್ಯಾರಿಯರ್ ನೋಡಿದಳು, ವೀರಮ್ಮನನ್ನು ನೋಡಿದಳು. ಬಂದ ನಗುವನ್ನು ತಡೆದುಕೊಂಡು ಮೂಲೆಯ ಕಂಪ್ಯೂಟರಿನತ್ತ ಕೈ ತೋರಿಸಿದಳು.

"ಅದೇ ಅಜ್ಜಿ, ಸಹನಾ. ಫೋನಲ್ಲಿ ನಿಮ್ಮ ಜೊತೆ ಮಾತಾಡಿದ್ದು ಅದೇ. ನಮ್ಮ ಕಂಪ್ಯೂಟರ್ ಸೈನ್ಸ್ ಮಕ್ಕಳು ಮಾಡಿರೋದು."

ವೀರಮ್ಮ ಅದನ್ನೊಮ್ಮೆ ನೋಡಿ ಮೊಮ್ಮಗಳ ಕಡೆ ತಿರುಗಿದಳು.

"ಇಲ್ಲೇ ಸೇರ್ಕೊ ಕಣವ್ವ. ಬಿರ್ರನೆ ಓದಿ, ಮೊದ್ಲು ಈ ಮಗೀಗೆ ಉಣ್ಣದ್ ಕಲ್ಸು."