ತೊಗಟೆ ಸೀಳದ ಏಟು

ಯಾವ ಸಮುರಾಯ್ ಸಿನಿಮಾ ಹಾಕಿದರೂ ನನಗೆ ಈಗಲೂ ಮೊದಲು ಬರುವುದು ಒದ್ದೆ ಸಾಣೆಕಲ್ಲಿನ ವಾಸನೆ.

ಕಾಫಿ ತೋಟದ ನೆರಳು ಮರಗಳ ಕೊಂಬೆ ಇಳಿಸುವ ಮರಗಸಿ ಮರುದಿನ ಶುರುವಾಗಬೇಕಿತ್ತು. ಏಟು ಸರಿಯಾಗಿ ಬೀಳದಿದ್ದರೆ ಕೊಂಬೆ ಜಗ್ಗಿ, ತೊಗಟೆ ಸೀಳಿ, ಮರವೇ ಹಾಳಾಗುತ್ತದೆ. ‘ಜಪಾನ್ ಕತ್ತಿ’ ಎಂದು ಬರೆದಿದ್ದ ಕ್ಯಾಸೆಟ್ಟನ್ನು ಮರಗಸಿ ಕಲಿಸುವ ಚಿತ್ರವೆಂದೇ ನಂಬಿ ತಂದಿದ್ದ ಎಸ್ಟೇಟಿನ ಸಾಹುಕಾರರು, ಮಧ್ಯಾಹ್ನ ಆಳುಗಳನ್ನೆಲ್ಲ ಬಂಗಲೆಯ ಜಗಲಿಗೆ ಕರೆಸಿದರು. ಮೇಸ್ತ್ರಿಯಾಗಿದ್ದ ಅಪ್ಪ ಕತ್ತಿ ಮಸೆಯುವುದನ್ನು ಅರ್ಧಕ್ಕೆ ಬಿಟ್ಟು, ಒದ್ದೆ ಕೈಯಲ್ಲೇ ಬಂದು ನನ್ನ ಪಕ್ಕ ನಿಂತ.

ಟೀವಿಯಲ್ಲಿ ಮರವೇ ಇರಲಿಲ್ಲ. ಜುಟ್ಟು ಕಟ್ಟಿದ ಇಬ್ಬರು ಹುಲ್ಲಿನ ನಡುವೆ ಎದುರುಬದುರಾಗಿ ನಿಂತಿದ್ದರು. ಇಬ್ಬರ ಕೈಯೂ ಕತ್ತಿಯ ಹಿಡಿಯ ಮೇಲಿತ್ತು, ಅಲಗು ಇನ್ನೂ ಒರೆಯೊಳಗೇ ಇತ್ತು.

“ಥೋ, ಇದಲ್ಲ ಮಾರಾಯ,” ಎಂದು ಸಾಹುಕಾರರು ಟೀವಿಯ ಗುಂಡಿಗೆ ಕೈ ಚಾಚಿದರು.

“ತಡೀರಿ ಅಯ್ಯ.”

ಹೇಳಿದ್ದು ಅಪ್ಪ, ಅವರೆದುರು ‘ಹೂಂ’ ಬಿಟ್ಟು ಬೇರೇನೂ ಆಡದ ಅಪ್ಪ. ಸಾಹುಕಾರರು ತಿರುಗಿ ನೋಡಿದರು. ಅಪ್ಪ ಟೀವಿಯಿಂದ ಕಣ್ಣು ಕೀಳಲಿಲ್ಲ.

ಕತ್ತಿ ಮಿಂಚಿತು. ಒಬ್ಬ ಬಿದ್ದ.

“ಒಂದೇ ಏಟು. ತೊಗಟೆ ಸೀಳದಂಗೆ ಕಡಿಯೋದು ಅಂದ್ರೆ ಇದು ಅಯ್ಯ,” ಅಂದ ಅಪ್ಪ.

ಸಾಹುಕಾರರು ಚಾಚಿದ್ದ ಕೈಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು.