ಉಣ್ಣೆ ಕೋಟಿನ ಫೋನು

“ನಿನ್ನ ಚಾರ್ಜರ್ ಶುದ್ಧ ಸೋಂಬೇರಿ ಕಣಪ್ಪಾ,” ಎಂದು ಅತ್ತಿಗೆ ಅದನ್ನು ಕೌಂಟರಿನ ಗಾಜಿನ ಮೇಲೆ ಕುಕ್ಕಿದ ಸದ್ದಿಗೆ ನಾಲ್ಕು ಬೀದಿಯ ನಾಯಿಗಳು ಎದ್ದು ಕೂತವು. ಮೊಬೈಲ್ ರಿಪೇರಿಯವನು ಗಾಜು ಬಿರುಕು ಬಿಟ್ಟಿತೇ ಎಂದು ಬಗ್ಗಿ ನೋಡಿದ. ಒಂದೇ ವಾರದಲ್ಲಿ ಇದು ಮೂರನೆಯ ಸಲ. ಬಾವಿಗೆ ಬಿದ್ದ ಫೋನು, ಬಸ್ಸಿನಡಿ ಅಪ್ಪಚ್ಚಿಯಾದ ಫೋನು, ಎಲ್ಲಕ್ಕೂ ಮರುಜನ್ಮ ಕೊಟ್ಟವನೆಂದು ಏಳು ಊರಿನಲ್ಲಿ ಅವನಿಗೆ ಹೆಸರಿತ್ತು. ಊರುಗಳು ಏಳೇ ಎಂದು ಎಣಿಸಿದವನೂ ಅವನೇ. ಈಗ ಸರದಿಯಲ್ಲಿ ನಿಂತಿದ್ದ ಗಿರಾಕಿಯೊಬ್ಬ ತನ್ನ ಫೋನನ್ನು ಮೆಲ್ಲಗೆ ಜೇಬಿಗೆ ವಾಪಸ್ ಇಳಿಸಿಕೊಂಡ.

“ಅರ್ಧ ಗಂಟೇಲಿ ಅರ್ಧಕ್ಕಿಂತ ಜಾಸ್ತಿ ತುಂಬತ್ತೆ ಅಂದಿದ್ದೆ. ಹತ್ತೂ ತುಂಬಲ್ಲ. ವೀಡಿಯೋ ಕಾಲಲ್ಲಿ ನಿಮ್ಮಣ್ಣನ ಮುಖ ನೋಡಿ ಹನ್ನೊಂದು ನಿಮಿಷ ಆಗೋ ಹೊತ್ತಿಗೆ ಫೋನು ಕಣ್ಣು ಮುಚ್ಚತ್ತೆ.”

ಅಣ್ಣ ಏಣಿಯಿಂದ ಬಿದ್ದು, ಸೊಂಟದಿಂದ ಪಾದದವರೆಗೆ ಆನೆ ತೂಕದ ಪ್ಲಾಸ್ಟರ್ ಹೊತ್ತು, ಎರಡು ತಿಂಗಳಿಂದ ದೂರದ ಆಸ್ಪತ್ರೆಯಲ್ಲಿ ಮಲಗಿದ್ದ. ಆ ವಾರ್ಡಿನಲ್ಲಿ ಫೋನಿಗೆ ಅಪ್ಪಣೆ ಇದ್ದದ್ದು ಸಂಜೆ ಐದರಿಂದ ಆರರವರೆಗೆ ಮಾತ್ರ. ಅತ್ತಿಗೆಗೆ ಉಣ್ಣೆ ಬಟ್ಟೆಯ ಕಾರ್ಖಾನೆಯಲ್ಲಿ ಕೆಲಸ. ದಿನವಿಡೀ ಫೋನಿನಲ್ಲಿ ನಮೂನೆ ನೋಡಿಕೊಂಡು ಹೆಣೆದು, ನಾಲ್ಕೂಕಾಲಿಗೆ ಮನೆ ಸೇರುವಾಗ ಅದರಲ್ಲಿ ಉಳಿದಿರುತ್ತಿದ್ದದ್ದು ಮೂರೋ ನಾಲ್ಕೋ ಪರ್ಸೆಂಟ್.

ರಿಪೇರಿಯವನು ಫೋನನ್ನು ಅಲ್ಲೇ ಸಿಕ್ಕಿಸಿ ತೋರಿಸಿದ. ಅಂಕಿಗಳು ಬಾಲಕ್ಕೆ ಬೆಂಕಿ ಬಿದ್ದ ಕುದುರೆಯಂತೆ ಓಡಿದವು. “ನೋಡಿ ಅತ್ತಿಗೆ. ಇದಕ್ಕೇನಾಗಿದೆ?”

“ನಿನ್ನ ಮುಂದೆ ನಾಟಕ ಆಡತ್ತೆ. ಮನೆಗೆ ಬಂದು ನೋಡು, ಅದರ ಬಣ್ಣ ಗೊತ್ತಾಗತ್ತೆ.”

ಮನೆಗೆ ಬಂದು ನೋಡು. ಅಣ್ಣ ಆಸ್ಪತ್ರೆ ಸೇರಿದ ಮೇಲೆ ನಾಲ್ಕು ಬೀದಿಯಾಚೆಗಿನ ಆ ಮನೆಗೆ ಅವನು ಒಮ್ಮೆಯೂ ಕಾಲಿಟ್ಟಿರಲಿಲ್ಲ. ವಿಚಾರಿಸುವುದನ್ನೆಲ್ಲ ಕೌಂಟರಿನ ಈ ಕಡೆಯಿಂದಲೇ ಮುಗಿಸಿದ್ದ. ಷಟರ್ ಅರ್ಧ ಎಳೆದು ಹೊರಟ.

ಮನೆಯಲ್ಲಿ ಅವನು ನೇರ ಸ್ವಿಚ್ ಬೋರ್ಡಿನ ಮೇಲೆ ದಾಳಿಯಿಟ್ಟ. ಸ್ಕ್ರೂ ಬಿಚ್ಚಿದ, ಟೆಸ್ಟರ್ ಚುಚ್ಚಿದ, ಇಡೀ ಊರಿನ ಕರೆಂಟಿನ ನಾಡಿ ಹಿಡಿದವನಂತೆ ತಲೆದೂಗಿದ. ಎಲ್ಲ ಸರಿಯಿತ್ತು. ಪಕ್ಕದ ಇನ್ನೊಂದು ಪ್ಲಗ್ಗಿಗೆ ಅತ್ತಿಗೆ ಆಗಲೇ ಫೋನು ಸಿಕ್ಕಿಸಿ ಹತ್ತು ನಿಮಿಷವಾಗಿತ್ತು. ಅವನು ತಿರುಗಿ ನೋಡಿದ. ನಾಲ್ಕು ಮಡಿಕೆ ಕಂಬಳಿಯ ಮೇಲೆ, ಕುತ್ತಿಗೆವರೆಗೆ ಗುಂಡಿ ಹಾಕಿದ ಕೆಂಪು ಉಣ್ಣೆ ಕೋಟು ತೊಟ್ಟು, ಅದು ಬಾಣಂತಿ ಮಗ್ಗುಲಿನ ಕೂಸಿನ ಹಾಗೆ ಮಲಗಿತ್ತು. ಮುಟ್ಟಿದರೆ ಒಲೆ ಮೇಲಿನ ಹೆಂಚು.

“ಇದೇನು ಅತ್ತಿಗೆ ಇದು?”

“ಕೋಟು. ನಾನೇ ಹೆಣೆದಿದ್ದು. ಅಂಗಡಿಗೆ ತಂದ್ರೆ ಕೊಳೆಯಾಗತ್ತೆ ಅಂತ ಮನೇಲೇ ಬಿಟ್ಟಿರ್ತೀನಿ.”

“ಫೋನಿಗೆ ಯಾರಾದರೂ ಕೋಟು ಹಾಕ್ತಾರಾ?”

“ಚಳಿ ಹತ್ತಿದ್ರೆ ಬ್ಯಾಟರಿ ಸೊರಗತ್ತೆ, ಫೋನನ್ನ ಬೆಚ್ಚಗಿಟ್ಕೊಳ್ಳಿ ಅಂತ ಅಂಗಡಿ ತುಂಬ ಜನ ಇರೋವಾಗ ಭಾಷಣ ಬಿಗಿದೋನು ಯಾರು? ನಾನೂ ಇದ್ದೆ ಕಣಪ್ಪಾ ಅಲ್ಲಿ.”

ಭಾಷಣ ಬಿಗಿದವನು ಅವನೇ. ಹೇಳಿದ್ದು ಸುಳ್ಳಲ್ಲ, ಅರ್ಧ ಮಾತ್ರ. ಚಪ್ಪಾಳೆ ಬಿದ್ದ ಜಾಗಕ್ಕೇ ಮಾತು ನಿಲ್ಲಿಸಿದ್ದ. ವೈರು ಕಿತ್ತು, ಗುಂಡಿ ಬಿಚ್ಚಿ, ಫೋನನ್ನು ಕಿಟಕಿ ಪಕ್ಕದ ಬರಿಗಲ್ಲಿನ ಮೇಲಿಟ್ಟ. ಮೈ ಆರುವವರೆಗೆ ಕಾದು ಮತ್ತೆ ಸಿಕ್ಕಿಸಿದ.

“ತಪ್ಪು ನನ್ನದೇ ಅತ್ತಿಗೆ. ಚಾರ್ಜರ್ ತಾನಾಗಿ ನುಗ್ಗಿಸಲ್ಲ. ಎಷ್ಟು ಬೇಕು ಅಂತ ಫೋನು ಕೇಳತ್ತೆ, ತನ್ನ ಕೈಲಾದಷ್ಟನ್ನ ಚಾರ್ಜರ್ ಕೊಡತ್ತೆ. ಹಸಿದಾಗ ಗಬಗಬ, ಹೊಟ್ಟೆ ತುಂಬ್ತಾ ಬಂದ ಹಾಗೆ ನಿಧಾನ. ಜೋರಾಗಿ ತುಂಬುವಾಗ ಮೈ ಬಿಸಿಯಾಗೇ ಆಗತ್ತೆ, ಆ ಬಿಸಿ ಹೊರಗೆ ಹೋಗಬೇಕು. ಹೋಗದಿದ್ರೆ ಫೋನೇ ಹೆದರಿ, ಸಾಕು ಸಾಕು ಅಂತ ತುತ್ತು ಕಮ್ಮಿ ಮಾಡ್ಕೊಳ್ಳತ್ತೆ.”

“ಅಂದ್ರೆ ಅದನ್ನ ಉಪವಾಸ ಕೆಡವಿದ್ದು ನಾನೇ.”

“ಉಪವಾಸ ಹಾಳಾಗಿ ಹೋಗ್ಲಿ. ದಿನಾ ಹೀಗೆ ಬೆಂದ್ರೆ ಬ್ಯಾಟರಿ ಉಬ್ಬತ್ತೆ. ಉಬ್ಬಿದ್ದು ಹೊತ್ತಿಕೊಂಡ್ರೆ ಕಂಬಳಿ, ಆಮೇಲೆ ಮನೆ. ಕಂಬಳಿ ಮೇಲೆ, ದಿಂಬಿನಡಿ, ಎಲ್ಲೂ ಬೇಡ.” ಒಬ್ಬಳೇ ಇರುವ ಮನೆ ಎಂಬ ಮಾತು ನಾಲಿಗೆ ತುದಿಗೆ ಬಂದು ಅಲ್ಲೇ ನಿಂತಿತು.

ಐದಕ್ಕೆ ಸರಿಯಾಗಿ ಐವತ್ತೇಳು ಪರ್ಸೆಂಟ್ ತುಂಬಿತ್ತು. “ಮಾತಾಡುವಾಗ ವೈರು ಬೇಡ, ಮತ್ತೆ ಕಾಯತ್ತೆ,” ಎಂದು ಕಿತ್ತುಕೊಟ್ಟ.

ಪರದೆಯಲ್ಲಿ ಅಣ್ಣನ ಮುಖ ಮೂಡಿತು. ಅವನು ಎಂದಿನಂತೆ ಹನ್ನೊಂದು ನಿಮಿಷದ ಲೆಕ್ಕದಲ್ಲೇ ಶುರುಮಾಡಿದ: ನಲ್ಲಿ ಸೋರುವುದು ನಿಂತಿತಾ, ಬಾಗಿಲ ಚಿಲಕ ಸರಿಯಾಗಿ ಹಾಕಿಕೋ, ಗುಳಿಗೆ ಬದಲಾಯಿಸಿದ್ದಾರೆ, ನಾನು ಗುಂಡುಕಲ್ಲಿನ ಹಾಗಿದ್ದೇನೆ, ನರ್ಸಮ್ಮನಿಗೇ ಧೈರ್ಯ ಹೇಳುತ್ತಿದ್ದೇನೆ. ರೈಲು ಬಿಟ್ಟಂತೆ ಎಲ್ಲ ಒದರಿ, ಪರದೆ ಕಪ್ಪಾಗುವುದನ್ನೇ ಕಾಯುತ್ತ ಸುಮ್ಮನಾದ.

ಹನ್ನೆರಡನೆಯ ನಿಮಿಷ ಬಂತು. ಹದಿಮೂರೂ ಬಂತು.

“ಇನ್ನೂ ಇದೀಯಾ?” ಎಂದ ಅಣ್ಣ.

“ಇದೀನಿ.”

ಇಬ್ಬರಿಗೂ ಮುಂದಿನ ಮಾತು ಗೊತ್ತಿರಲಿಲ್ಲ. ಆ ಮೌನ ಎಷ್ಟು ಉದ್ದವಿತ್ತೆಂದರೆ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದ ರಿಪೇರಿಯವನು ಒಂದು ಕಾಲು ಎತ್ತಿಕೊಂಡು ಹಾಗೇ ನಿಂತುಬಿಟ್ಟ. ಆಮೇಲೆ ಅಣ್ಣನ ಧ್ವನಿ ಬಂತು, ತಮ್ಮನು ಹುಟ್ಟಿದಾಗಿನಿಂದ ಕೇಳಿರದಷ್ಟು ಸಣ್ಣ ಧ್ವನಿ.

“ಆರಾದ ಮೇಲೆ ಇಲ್ಲಿ ನಂಗೆ ಭಯ ಆಗತ್ತೆ ಕಣೇ.”

ಅತ್ತಿಗೆ ಪರದೆಯ ಮೂಲೆಯತ್ತ ನೋಡಿ, ಫೋನನ್ನು ಇನ್ನಷ್ಟು ಹತ್ತಿರಕ್ಕೆ ಹಿಡಿದಳು.

“ಹೇಳಿ,” ಎಂದಳು. “ಇನ್ನೂ ನಲವತ್ತೊಂದು ಪರ್ಸೆಂಟ್ ಇದೆ.”