ಬಳೆಗಾರ್ತಿಯ ಮೂಕ ಗಿಳಿ

ಕೈಯ ನರಕ್ಕೆ ಪೆಟ್ಟಾದವರಿಗೆಲ್ಲ ಆಸ್ಪತ್ರೆಯವರು ಒಂದೊಂದು ಗಿಳಿ ಕೊಡುತ್ತಿದ್ದ ಕಾಲದಲ್ಲಿ, ಒಂದೂರಲ್ಲಿ ನೀಲವ್ವನೆಂಬ ಬಳೆಗಾರ್ತಿಯಿದ್ದಳು. ನರದಿಂದ ಕೈಯ ಸ್ನಾಯುವಿಗೆ ಎಳೆಯಷ್ಟು ಸುದ್ದಿ ಮುಟ್ಟಿದರೂ ಭುಜದ ಮೇಲಿನ ಗಿಳಿ ಕೂಗಬೇಕು. ಕಸರತ್ತಿಗೆಂದು ಕೊಟ್ಟ ರಬ್ಬರ್ ಚೆಂಡನ್ನು ದಿನಾ ಹಿಂಡಲು ನೋಡಿದರೂ ನೀಲವ್ವನ ಗಿಳಿ ಆರು ತಿಂಗಳಿಂದ ಮೂಕ.

“ಚೆಂಡು ಹಿಂಡಿದ್ದು ಸಾಕವ್ವಾ. ಗಿಳಿ ವಾಪಸ್ ಕೊಡ್ರಿ, ಯಂತ್ರದ ಕೈ ಹಾಕ್ತೀವಿ,” ಎಂದಳು ಬಸುರಿ ನರ್ಸ್.

“ನನ್ನ ಕೈ ಎಂದರ ಚೆಂಡು ಹಿಡದೈತೇನು? ಅದಕ್ಕ ಬಳಿ ಇಡಸೋದಷ್ಟ ಗೊತ್ತು. ನಿನ್ನ ಏಳನೇ ತಿಂಗಳಿಗೆ ಹಸಿರು ಬಳಿ ನಾನ ಇಡಸ್ತೀನಿ ಅಂದಿದ್ನಲ್ಲ. ತಾ ಕೈ.”

ನರ್ಸಿನ ಬೆರಳುಗಳನ್ನು ತನ್ನ ಜೋಲುಗೈಯೊಳಗೆ ಇಟ್ಟುಕೊಂಡು ನೀಲವ್ವ ಬಳೆ ಜಾರುವಂತೆ ಅವಳ ಗೆಣ್ಣು ಒತ್ತಿದಳು. ಮತ್ತೆ ಒತ್ತಿದಳು. ಗಿಳಿ ಗಂಟಲು ಸರಿಮಾಡಿಕೊಂಡು ಕೂಗಿತು.

“ನೋಯ್ತೈತಿ ಅವ್ವಾ,” ನರ್ಸ್ ನಕ್ಕಳು.

“ನೋಯ್ಲಿ. ಅಲ್ಲಾಡಬ್ಯಾಡ.”

ಸಂಜೆಯ ಹೊತ್ತಿಗೆ ಕೊನೆಯ ಹಸಿರು ಬಳೆಯೂ ಒಡೆಯದೆ ಮಣಿಕಟ್ಟಿಗೆ ಇಳಿಯಿತು.